500 ಲಿಂಕಿಗೆ 2,500 ರೂಪಾಯಿ: ಬೀದರಿನ ಅಂಗಡಿ ಗೂಗಲ್‌ನಲ್ಲಿ ಮೇಲೆ ಬರುವುದು ಹೇಗೆ?

ಬೀದರಿನ ಹಳೇ ಊರಿನಲ್ಲಿ, ಚೌಬಾರಾದಿಂದ ನಾಲ್ಕು ಹೆಜ್ಜೆ ಒಳಗೆ, ಬಿದ್ರಿ ಸಾಮಾನಿನ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಪಾತ್ರೆಗಳ, ಒಂದು ಸಣ್ಣ ಅಂಗಡಿ. ಮಾಲೀಕರನ್ನು ನಾನು ಕಾಕಾ ಅಂತಲೇ ಕರೆಯೋದು. ಕೋವಿಡ್ ಕಾಲದಲ್ಲಿ ಕೋಟೆ ನೋಡಲು ಬರುವವರು ನಿಂತುಹೋದಾಗ ಅವರ ಮಗ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಹೋದ ವರ್ಷ ದೀಪಾವಳಿಗೆ ಮುಂಚೆ ಅಲ್ಲಿಗೆ ಹೋದಾಗ ಕಾಕಾ ತಮ್ಮ ಫೋನನ್ನು ನನ್ನ ಕೈಗಿಟ್ಟರು. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್: 500 ಬ್ಯಾಕ್‌ಲಿಂಕ್, ಬರೀ 2,500 ರೂಪಾಯಿ, 30 ದಿನದಲ್ಲಿ ಗೂಗಲ್‌ನ ಮೊದಲ ಪುಟ ಗ್ಯಾರಂಟಿ.

“ಬ್ಯಾಕ್‌ಲಿಂಕ್ ಅಂದ್ರ ಏನ್ ತಮ್ಮಾ? ತೂಕದ ಮ್ಯಾಲ ಕೊಡ್ತಾರೇನು?”

ನಕ್ಕುಬಿಟ್ಟೆ. ಆಮೇಲೆ ಗೊತ್ತಾಯಿತು, ರೊಕ್ಕ ಕಳಿಸಿ ಎರಡು ವಾರವಾಗಿತ್ತು.

ಇಂಥ ಮೆಸೇಜು ಕಾಕಾ ಒಬ್ಬರಿಗೇ ಬರುತ್ತಿಲ್ಲ. ಕಲಬುರಗಿಯ ದಾಲ್ ಮಿಲ್ಲಿನವರಿಗೆ, ಕೋಚಿಂಗ್ ಕ್ಲಾಸಿನವರಿಗೆ, ಹಲ್ಲಿನ ಡಾಕ್ಟರಿಗೆ, ಯಾದಗಿರಿಯಲ್ಲಿ ಹೊಸದಾಗಿ ಲಾಡ್ಜ್ ತೆರೆದವರಿಗೆ, ವೆಬ್‌ಸೈಟ್ ಅಂತ ಒಂದು ಇದ್ದವರಿಗೆಲ್ಲ ಬರುತ್ತಿದೆ. ಮಾರುವವರು ಬಳಸುವ ಮಾತು ಅರ್ಥವಾಗದೆ ಕೆಲವರು ಕೊಳ್ಳುತ್ತಾರೆ, ಕೆಲವರು ಎಲ್ಲವೂ ಮೋಸ ಎಂದು ಕೈಬಿಡುತ್ತಾರೆ. ಎರಡೂ ಸರಿಯಲ್ಲ. ಲಿಂಕಿಗೆ ನಿಜಕ್ಕೂ ಬೆಲೆ ಇದೆ. ಯಾವ ಲಿಂಕಿಗೆ, ಯಾಕೆ ಅನ್ನುವುದನ್ನು ಬುಡದಿಂದ ನೋಡೋಣ.

ಗೂಗಲ್ ನಮ್ಮ ಬಾಗಿಲಿಗೆ ಬರುವ ದಾರಿ

ಒಂದು ವೆಬ್‌ಪುಟದಲ್ಲಿ ಒತ್ತಿದರೆ ಇನ್ನೊಂದು ಪುಟ ತೆರೆಯುವ ಅಕ್ಷರ ಅಥವಾ ಚಿತ್ರಕ್ಕೆ ಲಿಂಕ್ ಅನ್ನುತ್ತೇವೆ, ಕನ್ನಡದಲ್ಲಿ ಕೊಂಡಿ. ಬೇರೆಯವರ ಸೈಟಿನಿಂದ ನಮ್ಮ ಸೈಟಿಗೆ ಬರುವ ಕೊಂಡಿಯೇ ಬ್ಯಾಕ್‌ಲಿಂಕ್. ಅಂಥವು ಹೆಚ್ಚಲಿ ಎಂದು ಮಾಡುವ ಪ್ರಯತ್ನಕ್ಕೆ ಲಿಂಕ್ ಬಿಲ್ಡಿಂಗ್ ಎಂದು ಹೆಸರು. ಹುಡುಕಿದಾಗ ನಮ್ಮ ಪುಟ ಮೇಲೆ ಕಾಣಲಿ ಎಂದು ಮಾಡುವ ಒಟ್ಟು ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ. ಲಿಂಕ್ ಬಿಲ್ಡಿಂಗ್ ಅದರ ಒಂದು ಭಾಗ.

ಗೂಗಲ್ ಮೂರು ಕೆಲಸ ಮಾಡುತ್ತದೆ. ಮೊದಲನೆಯದು ಸುತ್ತಾಟ: ಅದರ ಪ್ರೋಗ್ರಾಮೊಂದು ಒಂದು ಪುಟ ತೆರೆದು, ಅಲ್ಲಿರುವ ಲಿಂಕುಗಳನ್ನು ಹಿಡಿದು ಮುಂದಿನ ಪುಟಕ್ಕೆ, ಅಲ್ಲಿಂದ ಇನ್ನೂ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಎರಡನೆಯದು, ನೋಡಿದ್ದನ್ನು ದೊಡ್ಡ ಖಾತೆಪುಸ್ತಕದಲ್ಲಿ ಬರೆದಿಡುವುದು. ಮೂರನೆಯದು, ಯಾರಾದರೂ “ಬಿದ್ರಿ ಹೂದಾನಿ” ಎಂದು ಕೇಳಿದಾಗ ಆ ಖಾತೆ ತೆಗೆದು ಯಾವ ಪುಟ ಮೊದಲು, ಯಾವುದು ನಂತರ ಎಂದು ಸಾಲು ಹಚ್ಚುವುದು. ಲಿಂಕಿಗೆ ಮೊದಲ ಕೆಲಸದಲ್ಲೂ ಪಾತ್ರವಿದೆ, ಮೂರನೆಯದರಲ್ಲೂ ಇದೆ. ಯಾವ ಕಡೆಯಿಂದಲೂ ದಾರಿಯಿಲ್ಲದ ಪುಟವು ಬಂಡಿ ಹೋಗದ ಹೊಲದ ಹಾಗೆ. ಬೆಳೆ ಎಷ್ಟೇ ಚಲೋ ಇರಲಿ, ನೋಡಲು ಯಾರೂ ಬರುವುದಿಲ್ಲ.

“ಯಾರ ಕಡಿಂದ ಬಂದೀರಿ?”

ನಮ್ಮ ಕಡೆ ಹೊಸಬ ಬಾಡಿಗೆ ಮನೆ ಕೇಳಿದರೂ, ಹೆಣ್ಣು ನೋಡಲು ಬಂದರೂ, ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಉದ್ರಿ ಕೇಳಿದರೂ ಮೊದಲ ಪ್ರಶ್ನೆ ಇದೇ: ಯಾರ ಕಡಿಂದ ಬಂದೀರಿ? ಮನುಷ್ಯನ ಬಗ್ಗೆ ಅವನದೇ ಮಾತಿಗಿಂತ, ಅವನನ್ನು ಬಲ್ಲವರ ಮಾತಿಗೆ ತೂಕ ಹೆಚ್ಚು. ಗೂಗಲ್ ಹುಟ್ಟಿದ್ದು ಈ ಪ್ರಶ್ನೆಯಿಂದಲೇ ಎಂದರೆ ಹೆಚ್ಚೇನೂ ತಪ್ಪಲ್ಲ.

ಅದಕ್ಕೆ ಮುಂಚೆ ಇದ್ದ ಹುಡುಕಾಟದ ಸೈಟುಗಳು ಬಹುಮಟ್ಟಿಗೆ ಪುಟದೊಳಗಿನ ಪದಗಳನ್ನೇ ನೆಚ್ಚಿಕೊಂಡಿದ್ದವು. “ಹೋಟೆಲ್” ಎಂಬ ಪದ ಹೆಚ್ಚು ಸಲ ಇರುವ ಪುಟವೇ ಹೋಟೆಲ್ ಬಗ್ಗೆ ಹೆಚ್ಚು ಹೇಳುತ್ತದೆ ಎಂಬ ಲೆಕ್ಕ. ಜನ ಇದನ್ನು ಬೇಗ ಪತ್ತೆಹಚ್ಚಿದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಅದೇ ಪದವನ್ನು ನೂರಾರು ಸಲ ತುಂಬಿಸಿಡತೊಡಗಿದರು. ಓದುವವರ ಕಣ್ಣಿಗೆ ಕಾಣದ ಆ ಪದಗಳನ್ನು ಯಂತ್ರ ಎಣಿಸಿಕೊಳ್ಳುತ್ತಿತ್ತು.

1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಬೇರೆ ದಾರಿ ಹಿಡಿದರು. ವಿದ್ವಾಂಸರ ಲೋಕದಲ್ಲಿ ಒಂದು ಪ್ರಬಂಧವನ್ನು ಎಷ್ಟು ಜನ ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದ್ದಾರೆ ಎಂಬುದರಿಂದ ಅದರ ಘನತೆ ಅಳೆಯುವ ರೂಢಿಯಿತ್ತು. ವೆಬ್‌ನಲ್ಲಿ ಲಿಂಕ್ ಕೊಡುವುದೂ ಒಂದು ಬಗೆಯ ಉಲ್ಲೇಖವೇ ಅಲ್ಲವೇ ಎಂದು ಅವರು ಯೋಚಿಸಿದರು. ಆ ಹುಡುಕಾಟದ ಯಂತ್ರಕ್ಕೆ ಇಟ್ಟ ಮೊದಲ ಹೆಸರೇ ಬ್ಯಾಕ್‌ರಬ್. ಹಿಂದಿನಿಂದ ಬರುವ ಲಿಂಕುಗಳ ಲೆಕ್ಕ ಅದರ ಕೆಲಸವಾಗಿತ್ತು. 1998ರಲ್ಲಿ ಅದು ಗೂಗಲ್ ಕಂಪನಿಯಾಯಿತು. ಲೆಕ್ಕದ ಆ ವಿಧಾನಕ್ಕೆ ಪೇಜ್‌ರ್ಯಾಂಕ್ ಎಂದು ಹೆಸರು. ವೆಬ್ ಪೇಜ್ ಎಂದು ಹಾಗೆ ಕರೆದರು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದು ಲ್ಯಾರಿ ಪೇಜ್ ಹೆಸರೂ ಹೌದು.

ಸುರಂಗ ಬಾವಿಯ ಲೆಕ್ಕ

ಬರೀ ಎಷ್ಟು ಜನ ಹೇಳಿದರು ಎಂದು ಎಣಿಸುವುದಾಗಿದ್ದರೆ ಪೇಜ್‌ರ್ಯಾಂಕ್‌ನಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಯಾರು ಹೇಳಿದರು ಎಂಬುದನ್ನು ಅದು ಗಣಿತಕ್ಕೆ ತಂದಿತು. ಇದನ್ನು ತಿಳಿಯಲು ಬೀದರಿನವರು ನೌಬಾದ್ ಕಡೆ ಹೋದರೆ ಸಾಕು. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅನ್ನುತ್ತಾರೆ. ಸಾಲಾಗಿ ಬಾವಿಗಳು, ಅವನ್ನು ನೆಲದಡಿ ಜೋಡಿಸುವ ಸುರಂಗ, ಪಂಪು ಗಿಂಪು ಇಲ್ಲದೆ ಇಳಿಜಾರಿನಲ್ಲೇ ಹರಿಯುವ ನೀರು.

ಈಗ ಪ್ರತಿ ವೆಬ್‌ಪುಟವೂ ಒಂದು ಬಾವಿ, ಪ್ರತಿ ಲಿಂಕೂ ಒಂದು ಸುರಂಗ ಅಂದುಕೊಳ್ಳಿ. ಬಾವಿಯಲ್ಲಿರುವ ನೀರೇ ಆ ಪುಟದ ಮಾನ. ಒಂದು ಬಾವಿಯಿಂದ ಎಷ್ಟು ಸುರಂಗ ಹೊರಟಿವೆಯೋ ಅಷ್ಟು ಪಾಲಾಗಿ ನೀರು ಹಂಚಿಹೋಗುತ್ತದೆ. ಆದರೆ ನೂರಕ್ಕೆ ನೂರೂ ಮುಂದೆ ಹೋಗುವುದಿಲ್ಲ. ಮೂಲ ಸೂತ್ರದಲ್ಲಿ ಸಾಮಾನ್ಯವಾಗಿ ಹಿಡಿಯುವುದು 85 ಪಾಲು. ಉಳಿದ 15 ಪಾಲು ಮಳೆಯ ಹಾಗೆ ಎಲ್ಲ ಬಾವಿಗಳ ಮೇಲೂ ಸಮನಾಗಿ ಬೀಳುತ್ತದೆ. ಯಾಕೆಂದರೆ ಜನ ಲಿಂಕ್ ಒತ್ತುತ್ತ ಒತ್ತುತ್ತ ಬೇಸತ್ತು ಎಲ್ಲೋ ಒಂದು ಬೇರೆ ಪುಟಕ್ಕೆ ಹಾರುತ್ತಾರೆ, ಅದಕ್ಕೆ ಬಿಟ್ಟ ಪಾಲು ಅದು.

ಒಂದು ದೊಡ್ಡ ಬಾವಿ ಇದೆ, 100 ಕೊಡ ನೀರು. ಅದರಿಂದ ನಾಲ್ಕೇ ಸುರಂಗ, ಒಂದು ಕಾಕಾನ ಅಂಗಡಿಗೆ. 85 ಕೊಡ ನಾಲ್ಕು ಪಾಲಾದರೆ ಕಾಕಾನಿಗೆ 21 ಕೊಡಕ್ಕೆ ಸ್ವಲ್ಪ ಮೇಲೆ. ಇನ್ನೊಂದು ಕಡೆ ಒಂದು ಸಣ್ಣ ಬಾವಿ, 10 ಕೊಡ ನೀರು, ಆದರೆ 500 ಸುರಂಗ. ಎಂಟೂವರೆ ಕೊಡವನ್ನು 500 ಪಾಲು ಮಾಡಿದರೆ ಬರುವುದು ಒಂದು ಲೋಟ. ಅಂಥ 500 ಸಣ್ಣ ಬಾವಿಗಳಿಂದಲೂ ಕಾಕಾನಿಗೆ ಒಂದೊಂದು ಸುರಂಗ ಇದೆ ಎನ್ನಿ. 500 ಲೋಟ ಸೇರಿದರೂ ಎಂಟೂವರೆ ಕೊಡ. ಮೊದಲ ಒಂದೇ ಒಂದು ಲಿಂಕಿನ ಅರ್ಧಕ್ಕೂ ಸಾಲುವುದಿಲ್ಲ.

ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕರೇಜಿನ ನೀರು ಒಂದೇ ದಿಕ್ಕಿಗೆ ಹೋಗುತ್ತದೆ, ವೆಬ್‌ನಲ್ಲಿ ಸುತ್ತಿ ಬಳಸಿ ಮತ್ತೆ ಹೊರಟಲ್ಲಿಗೇ ಬರಬಹುದು. ಅದಕ್ಕೇ ಈ ಲೆಕ್ಕವನ್ನು ಒಂದು ಸಲ ಮಾಡಿ ಮುಗಿಸಲಾಗದು. ಮಟ್ಟ ಏರುಪೇರಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಬೇಕು. ಇವತ್ತಿನ ಗೂಗಲ್ ಈ ಒಂದೇ ಲೆಕ್ಕದ ಮೇಲೆ ನಿಂತಿಲ್ಲ, ನೂರಾರು ಬೇರೆ ಗುರುತುಗಳನ್ನು ನೋಡುತ್ತದೆ. ಲಿಂಕಿಗೆ ಜನ ಬೇಕಾದ್ದಕ್ಕಿಂತ ಹೆಚ್ಚು ಮಹತ್ವ ಕೊಡುತ್ತಿದ್ದಾರೆ ಎಂದು ಗೂಗಲ್‌ನವರೇ ಈಚಿನ ವರ್ಷಗಳಲ್ಲಿ ಹೇಳಿದ್ದಾರೆ. ಆದರೂ ಲಿಂಕನ್ನು ಅದು ಕೈಬಿಟ್ಟಿಲ್ಲ.

ಯಾವ ಲಿಂಕಿಗೆ ತೂಕ ಹೆಚ್ಚು

ನೀರಿನ ಪ್ರಮಾಣ ಒಂದಾಯಿತು. ವಿಷಯದ ನಂಟು ಇನ್ನೊಂದು. ಕಲೆ, ಕರಕುಶಲ, ಬೀದರ್ ಪ್ರವಾಸ ಇಂಥವುಗಳ ಬಗ್ಗೆ ಬರೆಯುವ ಸೈಟಿನಿಂದ ಬಿದ್ರಿ ಅಂಗಡಿಗೆ ಲಿಂಕ್ ಬಂದರೆ ಅದಕ್ಕೆ ಅರ್ಥವಿದೆ. ಟೈರ್ ಮಾರುವ ಸೈಟಿನಿಂದ ಬಂದರೆ ಯಾಕೆ ಬಂತು ಎಂದು ಯಾರಿಗಾದರೂ ಅನುಮಾನ ಹುಟ್ಟುತ್ತದೆ.

ಲಿಂಕ್ ಯಾವ ಅಕ್ಷರದ ಮೇಲಿದೆ ಎಂಬುದೂ ಮುಖ್ಯ. ಇದಕ್ಕೆ ಆಂಕರ್ ಟೆಕ್ಸ್ಟ್ ಅನ್ನುತ್ತಾರೆ. “ಇಲ್ಲಿ ಒತ್ತಿ” ಎಂದಿದ್ದರೆ ಒತ್ತಿದ ಮೇಲೆ ಏನು ಸಿಗುತ್ತದೆ ಎಂದು ಗೂಗಲ್‌ಗೆ ತಿಳಿಯದು. “ಬಿದ್ರಿಗೆ ಕಪ್ಪು ಬಣ್ಣ ಬರುವ ಬಗೆ” ಎಂದಿದ್ದರೆ ತಿಳಿಯುತ್ತದೆ. ಹಾಗಂತ ನೂರು ಸೈಟುಗಳಲ್ಲಿ ಒಂದಕ್ಷರ ಆಚೀಚೆ ಇಲ್ಲದೆ “ಕಡಿಮೆ ಬೆಲೆಯ ಬಿದ್ರಿ ಗಿಫ್ಟ್” ಎಂದೇ ಇದ್ದರೆ? ನೂರು ಜನ ಸಾಕ್ಷಿಗಳು ಬಾಯಿಪಾಠ ಮಾಡಿದಂತೆ ಒಂದೇ ಮಾತು ಹೇಳಿದರೆ ಜಡ್ಜ್ ಸಾಹೇಬರು ಏನು ತಿಳಿಯುತ್ತಾರೋ ಗೂಗಲ್ ಕೂಡ ಅದನ್ನೇ ತಿಳಿಯುತ್ತದೆ.

ಇನ್ನು ಮುಚ್ಚಳ ಹಾಕಿದ ಸುರಂಗಗಳಿವೆ. ಲಿಂಕ್ ಕೊಡುವವರು ಅದರ ಹಿಂದಿನ ಕೋಡ್‌ನಲ್ಲಿ “ನೋಫಾಲೋ” ಎಂಬ ಗುರುತು ಹಾಕಬಹುದು. ದಾರಿ ತೋರಿಸುತ್ತಿದ್ದೇನೆ, ಜಾಮೀನು ನಿಲ್ಲುತ್ತಿಲ್ಲ ಎಂದು ಅದರ ಅರ್ಥ. ಕಾಮೆಂಟುಗಳಲ್ಲಿ ಕಂಡವರೆಲ್ಲ ತಮ್ಮ ಲಿಂಕ್ ಸುರಿಯತೊಡಗಿದಾಗ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ 2005ರಲ್ಲಿ ಇದನ್ನು ತಂದವು. 2019ರಲ್ಲಿ ಗೂಗಲ್ ಇನ್ನೆರಡು ಗುರುತು ಸೇರಿಸಿತು: ಹಣ ಪಡೆದು ಕೊಟ್ಟ ಲಿಂಕಿಗೆ “ಸ್ಪಾನ್ಸರ್ಡ್”, ಓದುಗರು ತಾವೇ ಹಾಕಿದ್ದಕ್ಕೆ “ಯುಜಿಸಿ”. ಈಗ ಈ ಗುರುತುಗಳನ್ನು ಅದು ಕಟ್ಟಪ್ಪಣೆ ಎಂದಲ್ಲ, ಸೂಚನೆ ಎಂದು ಎಣಿಸುತ್ತದೆ. “ವಿಕಿಪೀಡಿಯದಲ್ಲಿ ಲಿಂಕ್ ಹಾಕಿಸಿಕೊಡ್ತೀವಿ” ಎನ್ನುವವರೂ ಇದ್ದಾರೆ. ಇಂಗ್ಲಿಷ್ ವಿಕಿಪೀಡಿಯ ಹೊರಗಿನ ಲಿಂಕುಗಳಿಗೆಲ್ಲ 2007ರಿಂದಲೇ ಆ ಮುಚ್ಚಳ ಹಾಕಿದೆ.

ಏಜೆನ್ಸಿಗಳು ಕಳಿಸುವ ವರದಿಯಲ್ಲಿ “ಡೊಮೈನ್ ಅಥಾರಿಟಿ 60, 70” ಎಂದು ಕಾಣುತ್ತದಲ್ಲ, ಅದು ಗೂಗಲ್ ಕೊಟ್ಟ ಅಂಕವಲ್ಲ. ಮೋಜ್ ಎಂಬ ಬೇರೆ ಕಂಪನಿಯ ಅಂದಾಜು. ಗೂಗಲ್ ಸಾಲು ಹಚ್ಚುವಾಗ ಅದನ್ನು ಬಳಸುವುದಿಲ್ಲ.

ಕೊಂಡು ತಂದ ಸಾಕ್ಷಿಗಳು

ರೊಕ್ಕ ಕೊಟ್ಟು ಕೊಂಡ ಲಿಂಕುಗಳದೆಂದು ಕಾಕಾನಿಗೆ ಬಂದ ಎಕ್ಸೆಲ್ ಪಟ್ಟಿಯನ್ನು ಅಂಗಡಿಯ ಗಾಜಿನ ಕಪಾಟಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ತೆರೆದೆವು. ಮೊದಲನೆಯದು ಒತ್ತಿದರೆ ನಮಗಾರಿಗೂ ಓದಲು ಬಾರದ ಲಿಪಿ. ಎರಡನೆಯದು ಜೂಜಾಟದ್ದು. ಮೂರನೆಯದು ತೆರೆಯಲೇ ಇಲ್ಲ. ಹತ್ತನೆಯದರಲ್ಲಿ ತೂಕ ಇಳಿಸುವ ಗುಳಿಗೆಯ ಬಗ್ಗೆ ಒಂದು ಪ್ಯಾರಾ, ಅದರ ನಟ್ಟನಡುವೆ ಸಂಬಂಧವೇ ಇಲ್ಲದೆ ಕಾಕಾನ ಅಂಗಡಿಯ ಹೆಸರು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. “ಇಲ್ಲಿ ನಮ್ಮ ಹೆಸರು ಯಾಕ ಬಂತು? ನಾವೇನ್ ಗುಳಿಗಿ ಮಾರ್ತೀವೇನು?”

ಲಿಂಕಿಗೆ ಬೆಲೆ ಇದೆ ಎಂದು ತಿಳಿದ ದಿನದಿಂದಲೇ ಲಿಂಕಿನ ಸಂತೆಯೂ ಶುರುವಾಯಿತು. ಲಿಂಕ್ ಮಾರಲೆಂದೇ ಕಟ್ಟಿದ ಸೈಟುಗಳು, “ನೀ ನನಗೆ ಕೊಡು ನಾ ನಿನಗೆ ಕೊಡ್ತೀನಿ” ಎಂಬ ಸಾಮೂಹಿಕ ಅದಲುಬದಲು, ಕಾಮೆಂಟ್ ತುಂಬಿಸುವ ಪ್ರೋಗ್ರಾಮು, ಹೀಗೆ. ಸಾಲಿನಲ್ಲಿ ಮೇಲೆ ಬರಲೆಂದು ಹಣ ಕೊಟ್ಟು ಲಿಂಕ್ ಕೊಳ್ಳುವುದು ಗೂಗಲ್‌ನ ನಿಯಮಗಳಿಗೆ ವಿರುದ್ಧ. ಜಾಹೀರಾತಿಗಾಗಿ ಹಣ ಕೊಡುವುದು ತಪ್ಪಲ್ಲ, ಆದರೆ ಆಗ ಸ್ಪಾನ್ಸರ್ಡ್ ಅಥವಾ ನೋಫಾಲೋ ಗುರುತು ಇರಬೇಕು.

ಇದು ಸಣ್ಣವರು ಮಾತ್ರ ಬೀಳುವ ಹಳ್ಳವಲ್ಲ. ಅಮೆರಿಕದ ಜೆಸಿ ಪೆನ್ನಿ ಎಂಬ ದೊಡ್ಡ ಅಂಗಡಿ ಸರಪಳಿಯ ಕತೆಯನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಉಡುಪು, ಹಾಸಿಗೆ, ಪೀಠೋಪಕರಣ, ಏನು ಹುಡುಕಿದರೂ ಹಬ್ಬದ ತಿಂಗಳುಗಳಲ್ಲಿ ಅದೇ ಅಂಗಡಿ ಮೇಲೆ ಬರುತ್ತಿತ್ತು. ಕೆದಕಿದರೆ ಸಾವಿರಾರು ಸಂಬಂಧವಿಲ್ಲದ ಸೈಟುಗಳಿಂದ ಅದಕ್ಕೆ ಲಿಂಕ್. ಗೂಗಲ್ ಕೈಹಾಕಿದ ಮೇಲೆ ಕೆಲವು ಹುಡುಕಾಟಗಳಲ್ಲಿ ಅದು ಮೊದಲ ಸ್ಥಾನದಿಂದ ಎಪ್ಪತ್ತರ ಆಚೀಚೆಗೆ ಜಾರಿತು. ಈ ಲಿಂಕುಗಳ ಬಗ್ಗೆ ತನಗೆ ಗೊತ್ತೇ ಇರಲಿಲ್ಲ ಎಂದ ಕಂಪನಿ ತನ್ನ ಎಸ್‌ಇಒ ಏಜೆನ್ಸಿಯನ್ನು ಬಿಡಿಸಿತು.

ಮುಂದಿನ ವರ್ಷ, 2012ರ ಏಪ್ರಿಲ್ 24ರಂದು, ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು 3.1 ಶೇಕಡಾದ ಮೇಲೆ ಅದರ ಪರಿಣಾಮವಾಯಿತು ಎಂದು ಗೂಗಲ್ ಹೇಳಿತು. ಕಳ್ಳಲಿಂಕುಗಳ ಮೇಲೆ ಮೇಲೆದ್ದಿದ್ದ ಸೈಟುಗಳು ರಾತ್ರೋರಾತ್ರಿ ಕೆಳಗಿಳಿದವು. 2016ರಿಂದ ಇದು ಗೂಗಲ್‌ನ ಮೂಲ ಲೆಕ್ಕದಲ್ಲೇ ಸೇರಿದೆ, ಧೋರಣೆಯೂ ತುಸು ಬದಲಾಗಿದೆ: ಈಗ ಹೆಚ್ಚಾಗಿ ಕೆಟ್ಟ ಲಿಂಕಿಗಾಗಿ ಇಡೀ ಸೈಟನ್ನು ದಂಡಿಸುವುದಿಲ್ಲ, ಆ ಲಿಂಕನ್ನೇ ಲೆಕ್ಕದಿಂದ ಬಿಡುತ್ತದೆ. ಅಂದರೆ ಕಾಕಾನ 2,500 ರೂಪಾಯಿಗೆ ಬಹುತೇಕ ಸಿಕ್ಕಿದ್ದು ಸೊನ್ನೆ. ತೀರಾ ಅತಿಯಾದಾಗ ಮಾತ್ರ ಗೂಗಲ್‌ನ ಸಿಬ್ಬಂದಿಯೇ ನೋಡಿ ಕ್ರಮ ಕೈಗೊಳ್ಳುತ್ತಾರೆ. ಹಾಗಾದರೆ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸೌಲಭ್ಯದಲ್ಲಿ ಸೂಚನೆ ಬರುತ್ತದೆ. ಕಾಕಾನದರಲ್ಲಿ ಅಂಥದ್ದೇನೂ ಇರಲಿಲ್ಲ.

“ಆ ಲಿಂಕುಗಳನ್ನು ನಾನು ಒಪ್ಪುವುದಿಲ್ಲ” ಎಂದು ಗೂಗಲ್‌ಗೆ ಪಟ್ಟಿ ಕೊಡುವ ಒಂದು ಸೌಲಭ್ಯವೂ 2012ರಿಂದ ಇದೆ, ಡಿಸವೋ ಅಂತ. ಸೂಚನೆ ಬಂದಿಲ್ಲದಿದ್ದರೆ, ಬರುವ ಲಕ್ಷಣವೂ ಇಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ತಿಳಿಯದೆ ಒಳ್ಳೆಯ ಲಿಂಕನ್ನೂ ಕಡಿದುಕೊಂಡವರಿದ್ದಾರೆ.

ಹಾಗಾದರೆ ಒಳ್ಳೆಯ ಲಿಂಕ್ ಬರುವುದೆಲ್ಲಿಂದ

ಕಾಕಾನ ಸೈಟಿನಲ್ಲಿ ಇದ್ದದ್ದು ನಲವತ್ತು ಫೋಟೋ, ಬೆಲೆ, ಫೋನ್ ನಂಬರ್. ಕೊಳ್ಳುವವರಿಗೆ ಅದು ಸಾಕು. ಆದರೆ ಬೇರೊಬ್ಬರು ತಮ್ಮ ಬರಹದಲ್ಲಿ “ಇದನ್ನು ನೋಡಿ” ಎಂದು ತೋರಿಸಲು ಅಲ್ಲಿ ಏನಿದೆ? ಬೆಲೆಪಟ್ಟಿಗೆ ಯಾರೂ ಲಿಂಕ್ ಕೊಡುವುದಿಲ್ಲ.

ಅವರ ಹಿತ್ತಲಿಗೆ ಹೋದರೆ ತೋರಿಸುವಂಥದ್ದು ತುಂಬಿ ತುಳುಕುತ್ತಿತ್ತು. ಹೆಚ್ಚು ಸತು, ಸ್ವಲ್ಪ ತಾಮ್ರ ಕರಗಿಸಿ ಎರಕ ಹೊಯ್ದ ಬೂದುಬಣ್ಣದ ಪಾತ್ರೆ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಇಲ್ಲದಿದ್ದರೆ ಗೀರಿದ ಗೆರೆ ಕಣ್ಣಿಗೆ ಕಾಣದು. ಚಾಣದಲ್ಲಿ ಬಳ್ಳಿ ಕೊರೆದು, ಆ ಕಾಲುವೆಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ಕೊನೆಗೆ ಬರುವುದು ಕೋಟೆಯ ಮಣ್ಣು. ಬೀದರ್ ಕೋಟೆಯೊಳಗಿನ, ಮಳೆ ಬಿಸಿಲು ಕಾಣದ ಜಾಗದ ಹಳೇ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಕಾಕಾ ಮಣ್ಣು ಆರಿಸುವಾಗ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ನೋಡುತ್ತಾರೆ. ಇದಿಷ್ಟರಲ್ಲಿ ಒಂದು ಸಾಲೂ ಸೈಟಿನಲ್ಲಿರಲಿಲ್ಲ!

ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ದೇಶದ ಪತ್ರಿಕೆಗಳೆಲ್ಲ ಬಿದ್ರಿಯ ಬಗ್ಗೆ ಬರೆದವು. ಹಾಗೆ ಬರೆಯುವವರು, ಪ್ರಾಜೆಕ್ಟ್ ಮಾಡುವ ಕಾಲೇಜು ಹುಡುಗರು, ಬೀದರ್ ನೋಡಲು ಹೊರಟವರಿಗೆ ದಾರಿ ಹೇಳುವವರು, ಇವರಿಗೆಲ್ಲ ಬೇಕಾಗುವುದು ಇಂಥ ಪುಟ. ಕೆಲಸ ಮಾಡುವವರೇ ಹೇಳಿದ್ದು, ಫೋಟೋ ಸಮೇತ, ಹಂತ ಹಂತವಾಗಿ. ಅಂಥದ್ದೊಂದು ಇದ್ದರೆ ಅವರೇ ಲಿಂಕ್ ಕೊಡುತ್ತಾರೆ. ಕೊಡದಿದ್ದರೆ “ನೀವು ಬರೆದ ವಿಷಯದ ಮೇಲೆ ನಮ್ಮಲ್ಲಿ ಇನ್ನೂ ಮಾಹಿತಿ ಇದೆ, ನೋಡಿ” ಎಂದು ಒಂದು ಪತ್ರ ಬರೆಯಬಹುದು. ಅದರಲ್ಲಿ ತಪ್ಪೇನಿಲ್ಲ. ಲಿಂಕ್ ಬಿಲ್ಡಿಂಗ್ ಎಂಬ ಮಾತಿನ ಮರ್ಯಾದಸ್ಥ ಅರ್ಥವೇ ಅದು.

ಕಲಬುರಗಿಯ ತೊಗರಿಗೂ ಇದೇ ಮಾತು. ಅದಕ್ಕೆ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ವಿಶೇಷ ಎಂಬ ಮಾನ್ಯತೆ ಸಿಕ್ಕಿದೆ. “ನಮ್ಮ ಬೇಳೆ ಶ್ರೇಷ್ಠ” ಎಂಬ ಸಾಲು ಪ್ರತಿ ದಾಲ್ ಮಿಲ್ಲಿನ ಸೈಟಿನಲ್ಲೂ ಇದೆ. ಈ ಮಣ್ಣಿನಲ್ಲಿ ಬೆಳೆದ ಬೇಳೆ ಬೇರೆ ಯಾಕೆ, ಬೇಯಲು ಎಷ್ಟು ಹೊತ್ತು, ಎಣ್ಣೆ ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ವ್ಯತ್ಯಾಸವೇನು, ಗಂಜಿನಲ್ಲಿ ಇವತ್ತಿನ ದರವೆಷ್ಟು, ಇದನ್ನು ಬರೆದಿಟ್ಟ ಮಿಲ್ಲಿಗೆ ರೈತರ ಸೈಟೂ ಅಡುಗೆಯ ಸೈಟೂ ಲಿಂಕ್ ಕೊಡಲು ಕಾರಣ ಸಿಗುತ್ತದೆ. ಇವಲ್ಲದೆ ನೀವು ಆಗಲೇ ಸದಸ್ಯರಾಗಿರುವ ವ್ಯಾಪಾರಿ ಸಂಘ, ಸಾಮಾನು ಕೊಡುವ ಕಂಪನಿಯ ಡೀಲರ್ ಪಟ್ಟಿ, ಓದಿದ ಕಾಲೇಜಿನ ಹಳೇ ವಿದ್ಯಾರ್ಥಿಗಳ ಪುಟ. ಅಲ್ಲಿ ನಿಮ್ಮ ಹೆಸರಿದ್ದೂ ಲಿಂಕ್ ಇಲ್ಲದಿದ್ದರೆ ಒಂದು ಫೋನ್ ಮಾಡಿದರೆ ಮುಗಿಯಿತು.

ಗುಲ್ಬರ್ಗಾ ಕಲಬುರಗಿ ಆದಾಗ

ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಡಕಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಕೆಲವರು ಸೈಟಿನ ವಿಳಾಸದಲ್ಲಿದ್ದ ಹಳೆಯ ಹೆಸರನ್ನೂ ಬದಲಿಸಿದರು, ಹಳೇ ವಿಳಾಸವನ್ನು ನವೀಕರಿಸದೆ ಬಿಟ್ಟರು. ಅಷ್ಟು ವರ್ಷದಲ್ಲಿ ಬೇರೆಯವರು ಕೊಟ್ಟಿದ್ದ ಲಿಂಕುಗಳೆಲ್ಲ ಬೀಗ ಹಾಕಿದ ಮನೆಗೆ ಬಂದ ಪತ್ರಗಳಾದವು.

ಮನೆ ಬದಲಿಸಿದಾಗ ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಕೊಟ್ಟು ಬರುತ್ತೇವಲ್ಲ, ಹಾಗೆ ಸೈಟಿಗೂ ಒಂದು ವ್ಯವಸ್ಥೆ ಇದೆ. 301 ರೀಡೈರೆಕ್ಟ್ ಅನ್ನುತ್ತಾರೆ. ಹಳೇ ವಿಳಾಸಕ್ಕೆ ಬಂದವರನ್ನೂ, ಬಂದ ಮಾನವನ್ನೂ ಅದು ಹೊಸದಕ್ಕೆ ಕಳಿಸುತ್ತದೆ. ಸೈಟ್ ಮಾಡಿಕೊಟ್ಟ ಹುಡುಗನಿಗೆ ಈ ಸಂಖ್ಯೆ ಹೇಳಿದರೆ ಸಾಕು, ಅವನಿಗೆ ಗೊತ್ತಿರುತ್ತದೆ. ಹೊಸ ಲಿಂಕಿಗೆ ಓಡಾಡುವ ಮೊದಲು ಇದ್ದದ್ದನ್ನು ಉಳಿಸಿಕೊಳ್ಳುವ ಕೆಲಸ ಇದು.

ಎಲ್ಲರಿಗೂ ಬೇಕಾ?

ಬೇಡ. ಸೂಪರ್ ಮಾರ್ಕೆಟ್ ಹತ್ತಿರದ ಟೇಲರ್ ಅಂಗಡಿಯನ್ನು ಹುಡುಕುವವರು ಕಲಬುರಗಿಯವರೇ, ನೋಡುವುದು ಮ್ಯಾಪು. ಅಲ್ಲಿ ಗೂಗಲ್ ನೋಡುವುದು ಮೂರು: ಕೇಳಿದ್ದಕ್ಕೂ ಅಂಗಡಿಗೂ ಹೊಂದಿಕೆ, ದೂರ, ಮತ್ತು ಎಷ್ಟರಮಟ್ಟಿಗೆ ಹೆಸರುವಾಸಿ ಎಂಬುದು. ಅಂಗಡಿಯ ಸಮಯ, ಫೋಟೋ, ಫೋನ್ ನಂಬರ್ ಸರಿಯಾಗಿ ತುಂಬಿ, ಗಿರಾಕಿಗಳ ಅಭಿಪ್ರಾಯಕ್ಕೆ ಉತ್ತರ ಕೊಟ್ಟರೆ ಅವರ ಕೆಲಸ ಬಹುಪಾಲು ಆಯಿತು. ಹೈದರಾಬಾದಿನಿಂದಲೋ ದೆಹಲಿಯಿಂದಲೋ ಗಿರಾಕಿ ಬರಬೇಕಾದ ಬಿದ್ರಿ ಅಂಗಡಿಗೆ, ಬೇಳೆಯನ್ನು ಹೊರರಾಜ್ಯಕ್ಕೆ ಮಾರುವವರಿಗೆ, ಲಾಡ್ಜಿನವರಿಗೆ ಲಿಂಕು ಬೇಕು.

ಏಜೆನ್ಸಿಗೆ ಕೆಲಸ ಕೊಡುವುದಾದರೆ ಒಂದೇ ಪ್ರಶ್ನೆ ಕೇಳಿ: ಲಿಂಕ್ ಯಾವ ಸೈಟಿನಲ್ಲಿ ಬರುತ್ತದೆ, ಅದನ್ನು ಮೊದಲೇ ತೋರಿಸುತ್ತೀರಾ? “ನಮ್ಮ ನೆಟ್‌ವರ್ಕ್ ಇದೆ” ಎಂಬ ಉತ್ತರ ಬಂದರೆ ಫೋನ್ ಇಡಬಹುದು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಎಸ್‌ಇಒ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ ಎಂದೂ ಅದು ಹೇಳುತ್ತದೆ. 30 ದಿನದ ಮಾತು ಎಲ್ಲಿಂದ ಬಂತೋ!

ಕಾಕಾನ ಮಗ ಮಣ್ಣಿನ ಪುಟವನ್ನು ಬರೆದು ಮುಗಿಸಲು ಸಂಕ್ರಾಂತಿ ಆಯಿತು. ಹನ್ನೊಂದು ಫೋಟೋ, ಅದರಲ್ಲೊಂದು ಕಾಕಾ ನಾಲಿಗೆಗೆ ಮಣ್ಣು ಹಚ್ಚಿಕೊಳ್ಳುವುದು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಸರ್ಚ್ ಕನ್ಸೋಲ್‌ನ ಲಿಂಕುಗಳ ಪಟ್ಟಿಯಲ್ಲಿ ಆ ಪುಟದ ಎದುರು ಹೊಸದೊಂದು ಸಾಲು ಕಂಡಿತು. ಕರಕುಶಲದ ಬಗ್ಗೆ ಪಾಠ ಮಾಡುವ ಯಾರೋ ತಮ್ಮ ವಿದ್ಯಾರ್ಥಿಗಳಿಗೆ ಓದಲು ಕೊಟ್ಟ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದರು.

“ಒಂದs ಏನು?” ಅಂದರು ಕಾಕಾ.

“ಒಂದೇ ಕಾಕಾ.”

ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. “ಯಾ ಊರವ್ರಂತ? ಬೀದರಿಗಿ ಬಂದ್ರ ಇಲ್ಲಿ ಕರ್ಕೊಂಡ್ ಬಾ, ಚಹಾ ಕುಡದು ಹೋಗ್ಲಿ.”